ಕಂಡದ್ದೆಲ್ಲ ಇರುವೆಯಲ್ಲ

"ಇರವಿ ಕಡದಿರಬೇಕು, ಬಿಡ್ರಿ." ಮಳೆಗಾಲ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಇದೊಂದೇ ಮಾತು. ಕುತ್ತಿಗೆಯ ಮೇಲೆ ಬರೆ ಎಳೆದಂತೆ ಕೆಂಪಗೆ ಎದ್ದರೂ ಇದೇ, ಹಾಸಿಗೆಯಲ್ಲಿ ಚುಚ್ಚಿಸಿಕೊಂಡು ಮಗು ಚೀರಿದರೂ ಇದೇ. ಬಗ್ಗಿ ನೋಡುವಷ್ಟು ವ್ಯವಧಾನ ಯಾರಿಗೂ ಇಲ್ಲ. ಇದು ಸಮಾಧಾನದ ಮಾತಲ್ಲ, ಸೋಮಾರಿತನದ ಮಾತು.

ಬರೆ ಎಬ್ಬಿಸುವುದು ಇರುವೆಯಲ್ಲ, ಪೀಡೆರಸ್ ಎಂಬ ದುಂಬಿ. ಹೆಚ್ಚೆಂದರೆ 10 ಮಿಲಿಮೀಟರ್ ಉದ್ದ. ತಲೆ ಕಪ್ಪು, ಎದೆ ಕಿತ್ತಳೆ, ಅದರ ಹಿಂದೆ ಲೋಹದಂತೆ ಹೊಳೆಯುವ ಕಡುನೀಲಿ ಗಿಡ್ಡ ಕವಚ, ಮತ್ತೆ ಕಿತ್ತಳೆ, ಬಾಲದ ತುದಿ ಕಪ್ಪು. ತೇವದ ನೆಲ, ಭತ್ತದ ಗದ್ದೆ ಅದರ ನೆಲೆ. ಅಲ್ಲಿ ಪೈರಿನ ಜಿಗಿಹುಳುಗಳನ್ನು ತಿಂದು ರೈತನಿಗೆ ಉಪಕಾರವನ್ನೇ ಮಾಡುತ್ತದೆ. ರಾತ್ರಿ ದೀಪ ಕಂಡು ಮನೆಯೊಳಗೆ ಬರುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಗಾಯ ಮಾಡಿಕೊಳ್ಳುವವರು ನಾವೇ! ಮೈಮೇಲೆ ಹರಿದ ಕೂಡಲೇ ಅಂಗೈಯಿಂದ ತಿಕ್ಕಿ ಅರೆಯುತ್ತೇವೆ. ಅದರ ದೇಹದ್ರವದಲ್ಲಿರುವ ಪೆಡೆರಿನ್ ಎಂಬ ವಿಷ ಅರೆದ ದಾರಿಯುದ್ದಕ್ಕೂ ಚರ್ಮಕ್ಕೆ ಇಳಿಯುತ್ತದೆ. ಅದೇ ಕೈಯಿಂದ ಕಣ್ಣುಜ್ಜಿದರೆ ರೆಪ್ಪೆಯೂ ಊದುತ್ತದೆ. ಉರಿ ಏಳುವುದು ಮರುದಿನವೋ ಅದರಾಚೆಗೋ, ಅಷ್ಟರಲ್ಲಿ ಹುಳುವಿನ ನೆನಪೇ ಇರುವುದಿಲ್ಲ. ಸಾಲುಗಟ್ಟಿದ ಗುಳ್ಳೆ ನೋಡಿ ಸರ್ಪಸುತ್ತು ಎಂದು ಕೆಮ್ಮಣ್ಣು ಬಳಿಯುವವರಿದ್ದಾರೆ, ಸುಣ್ಣ, ಟೂತ್‌ಪೇಸ್ಟ್ ಹಚ್ಚುವವರಿದ್ದಾರೆ. ಮಾಡಬೇಕಾದದ್ದು ಇಷ್ಟೇ: ಹುಳುವನ್ನು ಊದಿ ಹಾರಿಸಿ, ಆ ಜಾಗವನ್ನು ಸೋಪು ಹಚ್ಚಿ ತೊಳೆಯುವುದು. ಈ ಎರಡನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತೇವೆ.

ಹಾಸಿಗೆಯಲ್ಲಿ ಚುಚ್ಚುವುದರ ಕಥೆ ಬೇರೆ. ಅಜ್ಜನ ಕಾಲದ ಮಂಚದ ಕೆಳಗೆ, ಜಂತಿಯ ಅಡಿಯಲ್ಲಿ ದಿನಾ ಹಿಟ್ಟಿನಂಥ ಹುಡಿ ಬಿದ್ದಿರುತ್ತದೆ, ಗುಡಿಸಿ ಸುಮ್ಮನಾಗುತ್ತೀರಿ. ಅದು ಕಟ್ಟಿಗೆ ಕೊರೆಯುವ ದುಂಬಿಯ ಮರಿಯ ಕೆಲಸ. ಆ ಮರಿಯನ್ನು ಅರಸಿ ಬರುವುದು ಸ್ಕ್ಲೆರೋಡರ್ಮಸ್ ಎಂಬ ಕಣಜ. 2ರಿಂದ 4 ಮಿಲಿಮೀಟರಿನ ಹೆಣ್ಣು, ಬಹುಪಾಲು ರೆಕ್ಕೆ ಇರುವುದಿಲ್ಲ, ನೋಡಲು ಥೇಟ್ ಇರುವೆ. ಮರಿಯನ್ನು ಚುಚ್ಚಿ ನಿಶ್ಚೇಷ್ಟಗೊಳಿಸಿ ಅದರ ಮೇಲೆ ಮೊಟ್ಟೆಯಿಡುವ ಇದು, ಮಲಗಿದವರ ಮೈಗೆ ಸಿಕ್ಕಿಕೊಂಡರೆ ಅದೇ ಮುಳ್ಳನ್ನು ಅವರಿಗೂ ಚುಚ್ಚುತ್ತದೆ. ಭೂತಗನ್ನಡಿ ಹಿಡಿದು ಸೊಂಟ ನೋಡಿ: ಇರುವೆಗೆ ಅಲ್ಲಿ ಒಂದೋ ಎರಡೋ ಗಂಟು ಎದ್ದು ಕಾಣುತ್ತವೆ, ಈ ಕಣಜಕ್ಕೆ ಅವಿಲ್ಲ. ಇರುವೆಯ ಹಾಗೆ ಸಾಲುಗಟ್ಟಿ ಬರುವುದೂ ಇಲ್ಲ. ಮನೆಯ ತುಂಬ ಇರುವೆ ಔಷಧ ಹೊಡೆದು ಏನು ಪ್ರಯೋಜನ, ಹುಳ ಹಿಡಿದ ಕಟ್ಟಿಗೆ ಹಾಗೆಯೇ ಉಳಿದಿರುವಾಗ?

ಇನ್ನು ನಿಜವಾದ ಇರುವೆಯಾದರೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮರದ ಒಣ ಕೊಂಬೆಯಲ್ಲಿ ಗೂಡು ಮಾಡುವ, ತಲೆ ಕಪ್ಪು, ಎದೆ ಕೆಂಪು, ಹೊಟ್ಟೆ ಕಪ್ಪಿನ ಟೆಟ್ರಪೊನೆರಾ ಕುಟುಕಿ ಅಲರ್ಜಿಯಿಂದ ಪ್ರಾಣಕ್ಕೇ ಕುತ್ತು ಬಂದದ್ದುಂಟು.

1986ರಿಂದ ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಅಲ್ಲಿ ಕೀಟಶಾಸ್ತ್ರ ಬಲ್ಲವರಿದ್ದಾರೆ. ಕಚ್ಚಿದ್ದನ್ನು ಚಪ್ಪಲಿಯಿಂದ ಹೊಸಕುವ ಬದಲು ಸಣ್ಣ ಬಾಟಲಿಯಲ್ಲಿ ಹಿಡಿದು, ಹತ್ತಿರದಿಂದ ಫೋಟೋ ತೆಗೆದು ಅಂಥವರಿಗೆ ತೋರಿಸಿ. ಆದರೆ ಮೈತುಂಬ ದದ್ದೆದ್ದು, ತುಟಿ ಊದಿ, ಉಸಿರು ಕಟ್ಟುತ್ತಿದ್ದರೆ ಹುಳು ಹುಡುಕುತ್ತ ನಿಲ್ಲಬೇಡಿ, ಔಷಧದಂಗಡಿಯ ಮುಲಾಮಿಗೂ ಓಡಬೇಡಿ. ತಕ್ಷಣ ಗಾಡಿ ಹಿಡಿದು ತುರ್ತು ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆಗೆ ನಡೆಯಿರಿ.