ರೈಲಿನ ವಡೆ, ರಸ್ತೆಯ ವಡೆ

ಮದ್ದೂರು ವಡೆ ಎಲ್ಲಿಯದು ಚೆನ್ನ? ರೈಲಿನದೋ, ರಸ್ತೆಬದಿಯ ಹೋಟೆಲಿನದೋ? ಬೆಂಗಳೂರು–ಮೈಸೂರು ನಡುವೆ ಓಡಾಡುವವರ ಮನೆಗಳಲ್ಲಿ ಈ ಜಗಳ ಹಳೆಯದು. ಅಪ್ಪ ರೈಲಿನ ಪಕ್ಷ, ಮಕ್ಕಳು ಹೋಟೆಲಿನ ಪಕ್ಷ. ತೀರ್ಪಿಗೆ ಮುಂಚೆ ಎರಡೂ ಕಡೆಯ ವಾದ ಕೇಳೋಣ.

ಹಿರಿಯನಿಗೆ ಮೊದಲ ಸರದಿ. ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು 1917ರಲ್ಲಿ ಈ ವಡೆ ಮಾಡಿದರೆಂದು ಹೇಳುತ್ತಾರೆ. ಒಂದು ದಿನ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತಂತೆ. ಪಕೋಡ ಕರಿಯಲು ಪುರುಸೊತ್ತಿಲ್ಲದೆ ಹಿಟ್ಟನ್ನು ಅಗಲವಾಗಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಕಥೆಗೆ ಎಷ್ಟು ಒಗ್ಗರಣೆ ಬಿದ್ದಿದೆಯೋ, ಒಳಗಿನ ಲೆಕ್ಕ ಮಾತ್ರ ಸರಿ. ಉಂಡೆಗಿಂತ ತೆಳ್ಳಗೆ ತಟ್ಟಿದ್ದು ಬೇಗ ಬೇಯುತ್ತದೆ. ಶಾಖ ನಡುವನ್ನು ಮುಟ್ಟಲು ಸಾಗಬೇಕಾದ ದೂರ ಕಡಿಮೆ.

ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ. ಇವುಗಳಿಗೆ ಕಾದ ಎಣ್ಣೆ ಹಾಕಿ ಉಜ್ಜಿದ ಮೇಲೆಯೇ ನೀರು, ಅದೂ ಚಿಮುಕಿಸುವಷ್ಟು. ಮೈದಾಕ್ಕೆ ಎಣ್ಣೆ ಅಂಟಿಕೊಂಡರೆ ಅದು ನೀರು ಹೀರಿ ಜಿಗುಟಾಗುವುದು ಕಡಿಮೆ, ವಡೆ ಗರಿಗರಿಯಾಗುತ್ತದೆ. ಉದ್ದಿನ ವಡೆಯಷ್ಟು ತೇವವಿಲ್ಲದ್ದರಿಂದ ಬೇಗ ಹಳಸುವುದಿಲ್ಲ. ಬುಟ್ಟಿಯಲ್ಲಿ ಆರಿದರೂ ರುಚಿ ಕೆಡದು. ಜಪಾನಿನಲ್ಲಿ ಇಂಥ ರೈಲುಬುತ್ತಿಗೆ ‘ಎಕಿಬೆನ್’ ಎಂದೇ ಹೆಸರು. ಒಂದೊಂದು ನಿಲ್ದಾಣಕ್ಕೂ ಅದರದೇ ತಿಂಡಿ. ಆರಿದ ಮೇಲೂ ಚೆನ್ನಾಗಿರುವಂತೆ ಅಡುಗೆ.

ಇನ್ನು ರಸ್ತೆಯ ವಡೆ. ಮದ್ದೂರು ಟಿಫಾನೀಸ್‌ನಂಥ ಹೋಟೆಲುಗಳು ಅದನ್ನು ತಟ್ಟೆಗೆ ತಂದವು. ಬಾಣಲೆಯಿಂದ ನೇರ ಮೇಜಿಗೆ, ಜೊತೆಗೆ ಕಾಯಿಚಟ್ನಿ. ಮೊದಲ ತುತ್ತಿನಲ್ಲಿ ರೈಲಿನ ವಡೆ ಇದಕ್ಕೆ ಸಮನಲ್ಲ. ಆದರೆ ಕಟ್ಟಿಸಿಕೊಂಡು ಮನೆಗೆ ಒಯ್ದಾಗ? ಬಿಸಿ ವಡೆಯ ಹಬೆ ಪೊಟ್ಟಣದೊಳಗೇ ನಿಂತು ಅದನ್ನು ಮೆತ್ತಗಾಗಿಸುತ್ತದೆ.

ಹಾಗಾದರೆ ಗೆದ್ದವರು ಯಾರು? ಬಿಸಿಯದನ್ನು ಆರಿದ್ದರ ಜೊತೆ ತೂಗುವುದೇ ತಪ್ಪು. ಒಂದು ನಿಂತವರಿಗೆ, ಇನ್ನೊಂದು ಹೊರಟವರಿಗೆ. ಎರಡಕ್ಕೂ ಬೇಕಾದ್ದು ಮಾತ್ರ ಒಂದೇ: ಪ್ರಯಾಣಿಕ ಮದ್ದೂರಿನಲ್ಲಿ ಒಂದು ಗಳಿಗೆ ನಿಲ್ಲಬೇಕು. 2023ರಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯ ಕಾರುಗಳು ಮೇಲ್ಸೇತುವೆ ಹತ್ತಿ ಊರನ್ನೇ ದಾಟಿ ಹೋಗುತ್ತವೆ. ಕರಿದ ವಾಸನೆ ಅಷ್ಟೆತ್ತರಕ್ಕೆ ಏರೀತೆ?

ಮಕ್ಕಳೇ, ಈ ಭಾನುವಾರ ಅಮ್ಮನನ್ನೋ ಅಪ್ಪನನ್ನೋ ಒಲೆಯ ಮುಂದೆ ನಿಲ್ಲಿಸಿ ವಡೆ ಮಾಡಿಸಿ. ಒಂದನ್ನು ಬಿಸಿಯಾಗಿ ತಿನ್ನಿ. ಇನ್ನೊಂದನ್ನು ಪೂರ್ತಿ ಆರಿಸಿ ಡಬ್ಬದಲ್ಲಿಟ್ಟು ಸಂಜೆಗೆ ತಿನ್ನಿ. ತೀರ್ಪು ಆಮೇಲೆ. ಸಂಜೆಯವರೆಗೆ ಉಳಿಸುವುದೇ ಕಷ್ಟದ ಕೆಲಸ!