ಮುಂಡಗೋಡಕ್ಕ ಹೋಗ್ರಿ, ಆದ್ರ ‘ಚೀನಾದವರು’ ಅನ್ನಬ್ಯಾಡ್ರಿ

ರಜೆ ಬಂತೆಂದರೆ ನಮ್ಮ ಗುತ್ತಲ ಭಾಗದಿಂದ ಟೆಂಪೊ, ಕ್ರೂಸರ್ ಮಾಡಿಕೊಂಡು ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ನೋಡಲು ಹೋಗುವವರಿದ್ದಾರೆ. ಹಾವೇರಿ, ಹಾನಗಲ್ ದಾಟಿದರೆ ಮುಂಡಗೋಡ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಹೋಗುವುದು ಒಳ್ಳೆಯದೇ. ಆದರೆ ಅಲ್ಲಿ ನಾವು ನಡೆದುಕೊಳ್ಳುವ ರೀತಿ ಬದಲಾಗಬೇಕು.

ಕಳೆದ ಸಲ ಹೋದಾಗ, ಪ್ರವಾಸಕ್ಕೆ ಬಂದಿದ್ದ ಹುಡುಗರು ಕೆಂಪು ಬಟ್ಟೆಯ ಸಣ್ಣ ಸನ್ಯಾಸಿಗಳನ್ನು ಕಂಡು ‘ಏ ಚೀನಾ’ ಎಂದು ಕೂಗಿದರು. ಜೊತೆಗಿದ್ದ ದೊಡ್ಡವರು ತಿದ್ದಲಿಲ್ಲ, ನಕ್ಕರು. ಚೀನಾ ಸೇನೆಯ ಕಾಟಕ್ಕೆ ಊರು ಬಿಟ್ಟು ಬಂದವರ ಮಕ್ಕಳನ್ನೇ ಚೀನಾದವರು ಎನ್ನುವುದು ಎಷ್ಟು ಸರಿ?

1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮದ ಗುಡ್ಡ ಹತ್ತಿಳಿದು ಬಂದರು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ನೆಲೆ ಶುರುವಾಯಿತು. ಚಳಿ ನಾಡಿನ ಜನ ನಮ್ಮ ಬಿಸಿಲಿನಲ್ಲಿ ಕಾಡು ಸವರಿ, ಗೋವಿನಜೋಳ ಬೆಳೆದು ಬದುಕು ಕಟ್ಟಿಕೊಂಡರು. ಲಾಸಾ ಹತ್ತಿರ 1409ರಲ್ಲಿ ಕಟ್ಟಿದ್ದ ಗಾಂದೆನ್, 1416ರಲ್ಲಿ ಕಟ್ಟಿದ್ದ ಡ್ರೆಪುಂಗ್ ಮಠಗಳನ್ನು ಇಲ್ಲಿ ಮತ್ತೆ ನಿಲ್ಲಿಸಿದರು.

ಅಲ್ಲಿ ಸನ್ಯಾಸಿಗಳು ಚಪ್ಪಾಳೆ ಹೊಡೆದು ಜೋರಾಗಿ ಮಾತಾಡುವುದು ಜಗಳವಲ್ಲ, ಪಾಠ. ನಿಂತವನು ಪ್ರಶ್ನೆ ಹಾಕುತ್ತಾನೆ, ಕುಂತವನು ಉತ್ತರ ಕೊಡಬೇಕು. ಅದರ ನಡುವೆ ನುಗ್ಗಿ ಸೆಲ್ಫಿ ತೆಗೆಯುವುದು ತರಗತಿಗೆ ನುಗ್ಗಿದಂತೆ. ಚೌಡದಾನಪುರದ ಮುಕ್ತೇಶ್ವರನ ಗುಡಿಗೆ ಯಾರಾದರೂ ಚಪ್ಪಲಿ ಹಾಕಿಕೊಂಡು ಬಂದರೆ ನಾವು ಸುಮ್ಮನಿರುತ್ತೇವೆಯೇ? ಅಲ್ಲಿಯೂ ಅದೇ ಮರ್ಯಾದೆ. ಚಪ್ಪಲಿ ಹೊರಗೆ ಬಿಡಿ, ಬಲಕ್ಕೆ ಸುತ್ತಿ, ಫೋಟೊಗೆ ಮೊದಲು ಕೇಳಿ.

ಇನ್ನು ಅಂಗಡಿ ಸಾಲು. ಸ್ವೆಟರ್, ನೆಲಹಾಸು, ಊದುಬತ್ತಿ, ಪ್ರಾರ್ಥನೆಯ ಬಣ್ಣದ ಬಾವುಟ, ಬಿಸಿ ಮೊಮೊ, ತುಕ್ಪಾ ಎಲ್ಲ ಸಿಗುತ್ತವೆ. ಚೌಕಾಸಿ ಮಾಡಿ, ತಪ್ಪಿಲ್ಲ. ಆದರೆ ‘ನಮ್ಮ ನೆಲದಾಗ ಇದ್ದು ನಮಗ ಇಷ್ಟು ರೇಟ್ ಹೇಳ್ತೀರಾ’ ಎಂಬ ಮಾತು ಬೇಡ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಕನ್ನಡ ತಿಳಿಯುತ್ತದೆ, ಆ ಮಾತು ಚುಚ್ಚುತ್ತದೆ. ದುಡಿಯಲು ಗೋವಾ, ಮಂಗಳೂರಿಗೆ ಹೋದ ನಮ್ಮವರಿಗೆ ಅಲ್ಲಿನವರು ಹೀಗೆಂದರೆ ನಮಗೂ ಉರಿಯುವುದಿಲ್ಲವೇ?

ಬುದ್ಧ ಈ ನೆಲಕ್ಕೆ ಹೊಸಬನೂ ಅಲ್ಲ. ಪಕ್ಕದ ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವಿದೆ. ಅದು ಬೌದ್ಧ ದೇವಿ ತಾರೆಯನ್ನು ಹೊಗಳುತ್ತದೆ, 16 ಸೆಟ್ಟಿಗಳು ಕಟ್ಟಿಸಿದ ವಿಹಾರದ ಬಗ್ಗೆ ಹೇಳುತ್ತದೆ. ಬಳ್ಳಿಗಾವಿಯಲ್ಲೂ 1065ರ ಹೊತ್ತಿಗೆ ಬೌದ್ಧ ವಿಹಾರವಿತ್ತು. ಅಂದರೆ ನಮ್ಮ ಪೇಟೆಯ ವ್ಯಾಪಾರಿಗಳೇ ದುಡ್ಡು ಹಾಕಿ ಬುದ್ಧನಿಗೆ ಮನೆ ಕಟ್ಟಿದ್ದರು.

ಹೀಗಾಗಿ ಶಿಕ್ಷಕರಲ್ಲಿ ಒಂದು ಮನವಿ. ಮುಂಡಗೋಡ ಪ್ರವಾಸಕ್ಕೆ ಮೊದಲು ಮಕ್ಕಳಿಗೆ ಅರ್ಧ ತಾಸು ಈ ಕಥೆ ಹೇಳಿ. ಇನ್ನೊಮ್ಮೆ ಡಂಬಳಕ್ಕೂ ಕರೆದೊಯ್ಯಿರಿ. ಪಾಲಕರೂ ಅಷ್ಟೇ, ಮಗು ‘ಚೀನಾ’ ಅಂದರೆ ನಗಬೇಡಿ, ಅಲ್ಲಿಯೇ ತಿದ್ದಿ. ಅದಕ್ಕೆ ಖರ್ಚೇನೂ ಇಲ್ಲ.