ಬೇಯಿಸುವವರ ಮೇಲೆ ಹೊರಿಸಿದ ಹೊಣೆ

1993ರ ಆರಂಭದಲ್ಲಿ ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಜಾಕ್ ಇನ್ ದ ಬಾಕ್ಸ್ ಮಳಿಗೆಗಳ ಹ್ಯಾಂಬರ್ಗರ್‌ನಿಂದ ಹಬ್ಬಿದ ಇ. ಕೊಲೈ ಒ157 ಬ್ಯಾಕ್ಟೀರಿಯಾ ಸೋಂಕಿಗೆ 700ಕ್ಕೂ ಹೆಚ್ಚು ಜನ ತುತ್ತಾದರು, ನಾಲ್ಕು ಮಕ್ಕಳು ಸತ್ತರು. ವಾಷಿಂಗ್ಟನ್ ರಾಜ್ಯ ನಿಗದಿಪಡಿಸಿದ್ದ 68 ಡಿಗ್ರಿ ಸೆಲ್ಸಿಯಸ್‌ವರೆಗೆ ಮಳಿಗೆಯವರು ಮಾಂಸ ಬೇಯಿಸಿರಲಿಲ್ಲ. ಅದು ತಪ್ಪೇ. ಆದರೆ ಮಾಂಸ ಒಲೆಯ ಹತ್ತಿರ ಬರುವ ಹೊತ್ತಿಗಾಗಲೇ ಅದಕ್ಕೆ ಸೋಂಕು ತಗುಲಿತ್ತು ಎಂಬುದನ್ನು ಮರೆತರೆ ಈ ಸಾವುಗಳಿಂದ ನಾವು ಏನನ್ನೂ ಕಲಿತಂತಾಗುವುದಿಲ್ಲ.

ಈ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ದನದ ಕರುಳಿನಲ್ಲೂ ಇರುತ್ತದೆ. ದನಕ್ಕೆ ಅದರಿಂದ ಏನೂ ಆಗುವುದಿಲ್ಲ. ಸಗಣಿಯ ಮೂಲಕ ತೊಗಲಿಗೆ ಅಂಟುತ್ತದೆ. ಕಸಾಯಿಖಾನೆಯಲ್ಲಿ ತೊಗಲು ಸುಲಿಯುವಾಗ ಅದರ ಅಂಚು ಮಡಚಿ ಹಸಿ ಮಾಂಸಕ್ಕೆ ತಗುಲಿದರೆ ಸಾಕು, ಕರುಳು ತೆಗೆಯುವಾಗ ಚಾಕು ತುಸು ಆಳಕ್ಕೆ ಇಳಿದರೆ ಸಾಕು, ಸೋಂಕು ಮಾಂಸದ ಮೇಲೆ ಬಂದು ಕೂರುತ್ತದೆ. ಇಡಿಯಾದ ತುಂಡಿನಲ್ಲಿ ಅದು ಬಹುಮಟ್ಟಿಗೆ ಹೊರಮೈಯಲ್ಲೇ ಉಳಿದು ಬಾಣಲೆಯ ಕಾವಿಗೆ ಸಾಯುತ್ತದೆ. ಹ್ಯಾಂಬರ್ಗರ್‌ಗಾಗಿ ಖೀಮಾ ಮಾಡಿದಾಗ ಮಾತ್ರ ಹೊರಗಿದ್ದದ್ದು ಒಳಗೆ ಸೇರುತ್ತದೆ. ಮೇಲಾಗಿ ಹಲವು ದನಗಳ ಚೂರುಗಳು ಒಂದೇ ಯಂತ್ರಕ್ಕೆ ಬೀಳುವುದರಿಂದ ಒಂದರ ಕೊಳೆ ಇಡೀ ರಾಶಿಗೆ ಹಂಚಿಹೋಗುತ್ತದೆ. ಅಂಗಡಿಯ ಶೀತಲ ಪೆಟ್ಟಿಗೆ ಬ್ಯಾಕ್ಟೀರಿಯಾ ಹೆಚ್ಚದಂತೆ ತಡೆಯುತ್ತದೆ, ಕೊಲ್ಲುವುದಿಲ್ಲ.

ಹಸಿ ಮಾಂಸವೆಂದ ಮೇಲೆ ಸೂಕ್ಷ್ಮಜೀವಿ ಇದ್ದೇ ಇರುತ್ತದೆ, ಚೆನ್ನಾಗಿ ಬೇಯಿಸಿ ತಿನ್ನಿ ಎಂಬುದು ಉದ್ಯಮದ ವಾದ. ಬೇಯಿಸಬೇಕು, ನಿಜ, ಖೀಮಾ ಒಳಗೆ 71 ಡಿಗ್ರಿ ಮುಟ್ಟಲೇಬೇಕು. ಆದರೆ ಒ157 ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾಗಳಿದ್ದರೂ ಕಾಯಿಲೆ ತರಬಲ್ಲದು. ಬೇಯಿಸುವ ಮೊದಲೇ ಅದು ಚಾಕು, ಕತ್ತರಿಸುವ ಹಲಗೆ, ಕೈಗೆ ಹತ್ತಿ ಪಕ್ಕದ ಸೌತೆಕಾಯಿಗೆ ದಾಟುತ್ತದೆ. ಮಗುವಿನ ಮೂತ್ರಪಿಂಡ ಕೆಡಲು ಅಷ್ಟೇ ಸಾಕು. 1994ರಲ್ಲಿ ಅಮೆರಿಕದ ಮಾಂಸ ತಪಾಸಣಾ ಇಲಾಖೆಯ ಮುಖ್ಯಸ್ಥ ಮೈಕಲ್ ಟೇಲರ್, ಒ157 ಇರುವ ಹಸಿ ಖೀಮಾ ಕಲಬೆರಕೆ ಮಾಲು, ಮಾರುವಂತಿಲ್ಲ ಎಂದು ಘೋಷಿಸಿದರು. ಉದ್ಯಮ ಕೋರ್ಟಿಗೆ ಹೋಗಿ ಸೋತಿತು.

ಖರ್ಚು ಹೆಚ್ಚುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ನಿಯಮ ಬಂದ ಮೇಲೆ ಅದೇ ಕಂಪನಿಗಳು ಹಬೆ, ಬಿಸಿನೀರು, ಲ್ಯಾಕ್ಟಿಕ್ ಆಮ್ಲದಿಂದ ಮಾಂಸ ತೊಳೆಯತೊಡಗಿದವು, ಮಾದರಿ ಪರೀಕ್ಷೆಗೆ ಒಗ್ಗಿಕೊಂಡವು. ಮುಂದಿನ ವರ್ಷಗಳಲ್ಲಿ ಒ157 ಸೋಂಕು ಗಣನೀಯವಾಗಿ ಇಳಿಯಿತು. ಹೊಣೆ ಎಲ್ಲಿ ಇಟ್ಟರೆ ಕೆಲಸ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೂ ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ವಿಷಯದಲ್ಲಿ ಹಳೆಯ ವಾದವೇ ಗೆದ್ದಿದೆ. ಸಾಲ್ಮೊನೆಲ್ಲಾ ಪರೀಕ್ಷೆಯಲ್ಲಿ ಪದೇ ಪದೇ ಫೇಲಾದ ಟೆಕ್ಸಸ್‌ನ ಖೀಮಾ ಕಾರ್ಖಾನೆಯೊಂದನ್ನು ಆ ಕಾರಣಕ್ಕೆ ಮುಚ್ಚಿಸುವ ಅಧಿಕಾರ ಸರ್ಕಾರಕ್ಕಿಲ್ಲ ಎಂದು 2001ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಹಸಿ ಖೀಮಾದಲ್ಲಿನ ಸಾಲ್ಮೊನೆಲ್ಲಾಕ್ಕೆ ಸಿಕ್ಕಿರುವ ಈ ರಿಯಾಯಿತಿಯನ್ನು ಅಮೆರಿಕ ರದ್ದು ಮಾಡಬೇಕು.